ನಳಿಗೆಯಲ್ಲಿ ತಡವಾದ ರಕ್ತ

ನನ್ನ ತಂಗಿಗೆ ಬುದ್ಧಿ ಹೇಳೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ. ಆಸ್ಪತ್ರೆ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ಪರೀಕ್ಷೆ ಮಾಡೋಳು. ಎರಡು ಸಲ ಬಸಿರಾಗಿ, ಎರಡೂ ಹೊಟ್ಟೆಯಲ್ಲೇ ಹೋಗಿದ್ದವು. ಮೂರನೇದು ಆರು ತಿಂಗಳಿಗೆ ಬಂದಿತ್ತು. ಇದಾದರೂ ಉಳೀಲಿ ಅಂತ ಮನೆಮಂದಿಯೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನಂಥ ಭಾಗದಲ್ಲಿ, ಒಂದು ಪ್ರೋಟೀನ್ ಇರುತ್ತಂತೆ. ಎಲ್ಲರಲ್ಲೂ ಇರೋದೇ, ಯಾರ ತಂಟೆಗೂ ಹೋಗಲ್ಲ. ಇವಳ ಮೈ ಮಾತ್ರ ಅದನ್ನ ಶತ್ರು ಅಂತ ತಿಳಿದು ಅದರ ಮೇಲೆ ಪ್ರತಿಕಾಯ ಛೂ ಬಿಡುತ್ತೆ. ಎರಡೂ ಸೇರಿ ರಕ್ತನಾಳದ ಗೋಡೆಗೆ ಅಂಟಿಕೊಂಡರೆ ರಕ್ತ ಹೆಪ್ಪುಗಟ್ಟುತ್ತೆ. ಮಗುವಿಗೆ ಊಟ ಸಾಗಿಸೋ ಮಾಸಿನಲ್ಲಿ ಕಟ್ಟಿತೋ, ಮಗುವಿಗೆ ಅನ್ನವೂ ಇಲ್ಲ, ಉಸಿರೂ ಇಲ್ಲ. ಅದಕ್ಕೇ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ದಿನಾ ಚುಚ್ಚುಮದ್ದು.

"ನನ್ನ ಮೈಗೇ ನನ್ನ ಕಂಡ್ರೆ ಆಗಲ್ಲ ಅಕ್ಕಾ, ನಿನಗಿಂತ ಕಡೆ" ಅಂತ ನಗ್ತಿದ್ದಳು.

ಹೊಲಿಗೆ ಅಂಗಡಿಗೆ ಹೋಗೋ ಮುಂಚೆ ನಾನೇ ಚುಚ್ಚಿ ಹೋಗ್ತಿದ್ದೆ. ಆಮೇಲೆ, "ನಾನೇ ಚುಚ್ಚಿಕೊಳ್ತೀನಿ ಬಿಡು" ಅಂದಳು. ಲ್ಯಾಬಿನೋಳಲ್ವಾ, ಬಿಟ್ಟೆ.

ಮೊನ್ನೆ ಅವಳ ಕಪಾಟು ತೆಗೆದರೆ ಮದ್ದಿನ ಡಬ್ಬಿಗಳು ಒಡೆಯದೆ ಕೂತಿವೆ. ನನಗೆ ಮೈಯೆಲ್ಲ ಉರಿದುಹೋಯ್ತು.

"ಏನೇ ಇದು?"

"ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬಂತು. ಹೆದರಿಕೆಯಾಗಿ ಲ್ಯಾಬಲ್ಲಿ ನನ್ನ ರಕ್ತ ನಾನೇ ಹಾಕಿ ನೋಡಿದೆ. ಹೆಪ್ಪುಗಟ್ಟೋಕೆ ಎಲ್ಲರಿಗಿಂತ ಎಷ್ಟೋ ತಡ ಆಯ್ತಕ್ಕಾ. ಇದರ ಮೇಲೆ ಇನ್ನೂ ಚುಚ್ಚಿಕೊಂಡ್ರೆ ಹೆರಿಗೇಲಿ ರಕ್ತ ನಿಲ್ಲದೆ ಇಬ್ರೂ ಹೋಗ್ತೀವಿ. ಕಣ್ಣಾರೆ ಕಂಡಿದ್ದನ್ನ ನಂಬದೆ ಇನ್ನೇನು ನಂಬ್ಲಿ?"

ಉಟ್ಟ ಬಟ್ಟೆಯಲ್ಲೇ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಲ್ಯಾಬಿನ ನಳಿಗೆಯಲ್ಲಿ ಆ ಪ್ರತಿಕಾಯ ರಕ್ತ ಹೆಪ್ಪುಗಟ್ಟಿಸೋಕೆ ಹಾಕೋ ದ್ರಾವಣವನ್ನೇ ಹಿಡಿದುಕೊಳ್ಳುತ್ತಮ್ಮ, ಅದಕ್ಕೆ ತಡ. ಮೈಯೊಳಗೆ ಉಲ್ಟಾ, ಬೇಗ ಕಟ್ಟುತ್ತೆ. ಬೇರೆಯವರ ರಕ್ತವಾಗಿದ್ರೆ ನಿನಗೇ ಹೊಳೀತಿತ್ತು" ಅಂದರು. ಆಮೇಲೆ ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡೋಕೆ ಶುರು ಮಾಡಿದರು. ಅಲ್ಲಿಟ್ಟರು, ಇಲ್ಲಿಟ್ಟರು, ಒತ್ತಿ ನೋಡಿದರು. ಎಲ್ಲೂ ಎದೆಬಡಿತ ಸಿಗಲಿಲ್ಲ.

"ಬೆಳಿಗ್ಗೆ ಒದೀತು ಡಾಕ್ಟ್ರೇ" ಅಂದಳು ತಂಗಿ. "ನಾನು ಎಡಕ್ಕೆ ಹೊರಳಿದೆ, ಆಗ ಒದೀತು. ಆಣೆಗೂ."

"ನೀನು ಹೊರಳಿದ್ದಕ್ಕೆ ಅದೂ ಹೊರಳಿದೆಯಮ್ಮ. ಅಷ್ಟೇ."

ಅವಳನ್ನ ಕೊಂದುಬಿಡೋಷ್ಟು ಕೋಪ ನನಗೆ, ಅಪ್ಪಿಕೊಂಡು ಅಳೋಷ್ಟು ಸಂಕಟ. ಕೈಹಿಡಿದು ಎಬ್ಬಿಸೋಕೆ ಹೋದರೆ ಕೈ ಕಿತ್ತುಕೊಂಡಳು. ಮಿಸುಕಾಡದೆ ಹಾಗೇ ಮಲಗಿದ್ದಳು, ಅಲುಗಿದರೆ ಎಲ್ಲಿ ಮತ್ತೆ ಒದ್ದ ಹಾಗಾಗುತ್ತೋ ಅಂತ.