ಹನ್ನೊಂದನೇ ಹಾಸಿಗೆಯ ಗುಂಡಿ

ದಾದಿಯರ ಕೈಗೆ ಹೊಸ ಫೋನು ಬಂದ ವಾರ ನಮ್ಮ ಆಸ್ಪತ್ರೆಯಲ್ಲಿ ಹಬ್ಬವೋ ಹಬ್ಬ. ರೋಗಿ ಹಾಸಿಗೆ ಪಕ್ಕ ಇಟ್ಟ ತಂತಿಯಿಲ್ಲದ ಗುಂಡಿ ಒತ್ತಿದರೆ ಆ ಹಾಸಿಗೆಯ ದಾದಿಯ ಜೇಬಿನಲ್ಲೇ ಗಂಟೆ ಬಾರಿಸುತ್ತಿತ್ತು. ನಾವು ನಾವೇ ಮಾತು ರೆಕಾರ್ಡು ಮಾಡಿ ಕಳಿಸಿಕೊಳ್ಳಲೂಬಹುದಿತ್ತು. ಕೇಳಲು ಇಯರ್‌ಫೋನನ್ನೂ ಕೊಟ್ಟಿದ್ದರು. ಅದನ್ನು ಯಾರು ಹಾಕಿಕೊಳ್ಳುತ್ತಾರೆ? ಪರಾಗ್ವೆಯವರು ನಾವು, ಒಂದೇ ಕೊಳವೆಗೆ ಹತ್ತು ಬಾಯಿ ಹಚ್ಚಿ ತೆರೆರೆ ಎಂಬ ತಣ್ಣನೆ ಸೊಪ್ಪಿನ ಕಷಾಯ ಹೀರುವವರು. ಬಂದ ಮಾತನ್ನು ಒಬ್ಬಳೇ ಕೇಳಿಸಿಕೊಂಡರೆ ಜಿಪುಣಿ ಅನ್ನಿಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಎಲ್ಲರಿಗೂ ಕೇಳುವಂತೆ ಜೋರಾಗಿಯೇ ಹಾಕುತ್ತಿದ್ದೆವು.

ಹನ್ನೊಂದನೇ ಹಾಸಿಗೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದವಳು ಫೆಲಿಸಿಯಾನಾ. ಜೀವನವಿಡೀ ಬಸ್ಸು ಹತ್ತಿಳಿದು ಚಿಪಾ ರೊಟ್ಟಿ ಮಾರಿದವಳು. "ಚೀಪಾ, ಬಿಸಿ ಚೀಪಾ!" ಎಂದು ಅವಳು ಕೂಗಿದರೆ ತೂಕಡಿಸುವ ಡ್ರೈವರೂ ನೆಟ್ಟಗೆ ಕೂರುತ್ತಿದ್ದ. ಗುಂಡಿ ಕೈಗೆ ಸಿಕ್ಕಿದ್ದೇ ತಡ, ನೀರಿಗೊಮ್ಮೆ, ದಿಂಬಿಗೊಮ್ಮೆ, ಸುಮ್ಮನೆ ಹರಟೆಗೊಮ್ಮೆ ಒತ್ತುತ್ತಿದ್ದಳು. ಗಂಟೆ ಕೇಳಬೇಕಾದವಳು ಕ್ರಿಸ್ಪಿನಾ. ಅವಳಿಗೆ ಸಾಕುಸಾಕಾಗಿತ್ತು.

ಅವತ್ತು ಕ್ರಿಸ್ಪಿನಾ ಊಟಕ್ಕೆ ಹೋಗಿದ್ದಳು. ನಾನು ಫೆಲಿಸಿಯಾನಾಳ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದೆ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ನಿನ್ನ ಕೈ ಗಲೀಜು ಕಣೇ ಜಸಿಂತಾ. ತಡಿ, ನಾನೇ ಒತ್ತೀನಿ," ಎಂದು ಅವಳೇ ಫೋನು ತೆಗೆದು ಒತ್ತಿದಳು.

ಕ್ರಿಸ್ಪಿನಾಳ ದನಿ ವಾರ್ಡಿಗೆಲ್ಲ ಕೇಳಿಸಿತು. "ಏ ಜಸಿಂತಾ, ಆ ಹನ್ನೊಂದು ಮತ್ತೆ ಒತ್ತಿದ್ರೆ ನೀನೇ ಹೋಗಿ ಸಾಯಿ ಮಾರಾಯ್ತಿ! ಬೆಳಗ್ಗೆಯಿಂದ ಅವಳ ಮುಕುಳಿ ತೊಳೆದೂ ತೊಳೆದೂ, ಆ ನಾತಕ್ಕೆ ನನಗೆ ತುತ್ತು ಒಳಗಿಳೀತಿಲ್ಲ."

ಹಿಂದೆಯೇ ಊಟದ ಮನೆಯವರ ನಗು. ಎದುರು ಹಾಸಿಗೆಯವಳೂ ಕಿಸಕ್ಕೆಂದಳು. ನನಗೂ, ಹಾಳು ಬಾಯಿ, ನಗು ಬಂದುಬಿಟ್ಟಿತು. ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಫೆಲಿಸಿಯಾನಾ ನನ್ನ ಮುಖ ನೋಡಿಯಾಗಿತ್ತು. ಫೋನನ್ನು ಜೋಪಾನವಾಗಿ ನನ್ನ ಜೇಬಿಗೆ ಹಾಕಿ, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು.

ಊಟದಿಂದ ಬಂದ ಕ್ರಿಸ್ಪಿನಾಳಿಗೆ ವಿಷಯ ಹೇಳಿದೆ. "ಅಯ್ಯೋ, ಇನ್ನು ಯಾವ ಮುಖ ಹೊತ್ಕೊಂಡು ಹೋಗ್ಲಿ? ಅವಳು ಕರೆದ್ರೆ ಓಡಿಹೋಗಿ ಕಾಲು ಹಿಡ್ಕೋತೀನಿ ಕಣೇ. ನಾನಾಗಿ ಹೋದ್ರೆ ಏನಂತ ಬಾಯಿ ತೆಗೀಲಿ?"

ಗಂಟೆಗಾಗಿ ಕಾದಳು. ಚಾರ್ಜು ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿದಳು. ಮಧ್ಯಾಹ್ನವೆಲ್ಲ ಗಂಟೆ ಬಾರಿಸಲಿಲ್ಲ. ಸಂಜೆ ಜ್ವರ ನೋಡುವ ನೆಪ ಮಾಡಿಕೊಂಡು ಇಬ್ಬರೂ ಹೋದೆವು.

ಹೊದಿಕೆ ಸರಿಸಿದರೆ ಹಾಸಿಗೆ ಪೂರ್ತಿ ಒದ್ದೆ. ಎಷ್ಟು ಹೊತ್ತಿನಿಂದ ಹಾಗೇ ಮಲಗಿದ್ದಳೋ, ತೊಡೆಯ ಚರ್ಮ ಕೆಂಪೇರಿತ್ತು. ಗುಂಡಿಯೋ, ಪಕ್ಕದ ಹಾಸಿಗೆಯವಳ ಮೇಜಿನ ಮೇಲಿತ್ತು. ಕೈಗೆಟುಕಿದರೆ ಎಲ್ಲಿ ಒತ್ತಿಬಿಡುತ್ತೇನೋ ಎಂದು ಫೆಲಿಸಿಯಾನಾಳೇ ಅಲ್ಲಿ ಇಡಿಸಿದ್ದಳಂತೆ. ಒಂದೆರಡು ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು.

"ಯಾಕಮ್ಮ ಕರೀಲಿಲ್ಲ?" ಎಂದಳು ಕ್ರಿಸ್ಪಿನಾ.

ಬಸ್ಸಿನ ಕೊನೇ ಸೀಟಿಗೆ ಮುಟ್ಟುತ್ತಿದ್ದ ಆ ದನಿ ಈಗ ನಮಗೇ ಸರಿಯಾಗಿ ಕೇಳಲಿಲ್ಲ. ನಾನು ಬಗ್ಗಿ ಕಿವಿಗೊಟ್ಟೆ.

"ನಿನ್ನ ಊಟ ಮುಗೀಲಿ ಅಂತ ಇದ್ದೆ, ಮಗಳೇ. ಆಯ್ತಾ ಊಟ?"

ಕ್ರಿಸ್ಪಿನಾ ಗುಂಡಿಯನ್ನು ತಂದು ಅವಳ ಅಂಗೈಯಲ್ಲಿಟ್ಟಳು. ಫೆಲಿಸಿಯಾನಾ ಬೆರಳು ಮಡಚಲಿಲ್ಲ.