ಗಿರಣಿ ಮನೆಯ ದೊಡ್ಡ ಸೊಸೆ

ಆ ಮನೆಯಿಂದ ಹೊರಬೀಳಲು ಇದ್ದದ್ದು ಒಂದೇ ದಾರಿ, ಅದೂ ಹಿಟ್ಟಿನ ಗಿರಣಿಯ ಒಳಗಿಂದಲೇ ಹಾದುಹೋಗುತ್ತಿತ್ತು. ತಕ್ಕಡಿಯ ಪಕ್ಕ ಮಾವ ಕೂತಿರುತ್ತಿದ್ದರು. "ಎಲ್ಲಿಗೆ?" ಎಂದು ಅವರು ಕೇಳಿದರೆ ಸಾಕು, ಸೊಸೆಗೆ ಹೊರಟಿದ್ದ ಜಾಗವೇ ಮರೆತುಹೋಗುತ್ತಿತ್ತು. ಗಂಡನಿಗೆ ಹೇಳಿದರೆ, "ಅಪ್ಪ ಕೇಳೋದು ಅಕ್ಕರೆಗೆ ಕಣೆ" ಅನ್ನುತ್ತಿದ್ದ.

ಊರಿನ ಮಹಿಳಾ ಸಂಘದವರು ತಮ್ಮ ಹಳೆಯ ಅಡುಗೆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಹೊರಟರು. ಒಂದೊಂದು ಅಡುಗೆ ಬರೆದುಕೊಟ್ಟ ಹೆಂಗಸು ಯಾರು, ಯಾವ ಮನೆತನದವಳು ಎಂದು ಪತ್ತೆ ಮಾಡುವ ಕೆಲಸ ಈ ಸೊಸೆಯ ಪಾಲಿಗೆ ಬಂತು. ಕೂತಲ್ಲೇ ಫೋನಿನಲ್ಲಿ ಆಗುವ ಕೆಲಸವೆಂದು ಮಾವ ಬೇಡವೆನ್ನಲಿಲ್ಲ.

ಪುಸ್ತಕದಲ್ಲಿ ಹೆಂಗಸರ ಹೆಸರೇ ಇರಲಿಲ್ಲ. ಬಡಗಿಯ ಹೆಂಡತಿ, ಮೇಷ್ಟ್ರ ತಾಯಿ, ಬರೀ ಹೀಗೇ. ಹಣ್ಣಿನ ಜಾಮಿನ ಕೆಳಗೆ "ಗಿರಣಿ ಮನೆಯ ದೊಡ್ಡ ಸೊಸೆ" ಎಂದಿತ್ತು. ಅಂದರೆ ಮಾವನ ಅಣ್ಣನ ಹೆಂಡತಿ. ಹೊಳೆ ಪಾಲಾದಳು, ಹೆಣವೂ ಸಿಗಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. "ತಳ ಹಿಡಿಯುವ ಮುಂಚೆ ಒಂದು ಸಲ ಗದರಿಸಿ, ಮಾತು ಕೇಳುತ್ತದೆ" ಎಂದು ಆಕೆ ಬರೆದಿದ್ದಳು. ಓದಿ ಸೊಸೆಗೆ ನಗು ಬಂತು.

ಹೋಲಿಸಿ ನೋಡಲೆಂದು ತರಿಸಿಕೊಂಡಿದ್ದ ದೂರದ ಊರೊಂದರ ಪುಸ್ತಕದಲ್ಲೂ ಅದೇ ಜಾಮು, ಅದೇ ಗದರಿಕೆ! ಕೆಳಗೆ "ದರ್ಜಿಯವರ ಹೆಂಡತಿ" ಎಂದಿತ್ತು. ಅದು ಅಚ್ಚಾದದ್ದು ಆಕೆ ಹೊಳೆ ಪಾಲಾದ ಎಷ್ಟೋ ವರ್ಷಗಳ ಮೇಲೆ.

ಸೊಸೆ ಎರಡನ್ನೂ ತಂದು ಅತ್ತೆಯ ಮುಂದಿಟ್ಟಳು. ಬಟಾಣಿ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ, ಗಿರಣಿಯ ಸದ್ದು ನಡೆದೇ ಇದೆಯೇ ಎಂದು ಕಿವಿಗೊಟ್ಟರು.

"ಅಕ್ಕ ಸತ್ತಿಲ್ಲ ಅಂತ ನಂಗೊತ್ತು," ಎಂದರು ಮೆಲ್ಲಗೆ. "ಗಂಡ ದನಕ್ಕೆ ಬಡಿದ ಹಾಗೆ ಬಡೀತಿದ್ದ. ರಾತ್ರಿ ಬಾಗಿಲು ತೆಗೆದು ಕಳಿಸಿದ್ದೇ ನಾನು. ಚಪ್ಪಲಿ ಹೊಳೆ ದಡದಲ್ಲಿ ಬಿಟ್ಟು ಹೋಗು ಅಂದೆ. ಬೆಳಗ್ಗೆ ಬಟ್ಟೆ ಒಗೆಯೋಕೆ ಹೋದ್ಲು ಅಂತ ಇವರಿಗೆಲ್ಲ ಹೇಳ್ದೆ."

"ನೀವೂ ಜೊತೆಗೇ ಹೋಗಬಹುದಿತ್ತಲ್ಲ ಅತ್ತೆ?"

"ಒಳಗಿಂದ ಮತ್ತೆ ಚಿಲಕ ಹಾಕೋಕೆ ಒಬ್ಬರು ಬೇಕಿತ್ತಲ್ಲಮ್ಮ."

ಸೊಸೆ ಯಾರನ್ನೂ ಕೇಳದೆ ಆ ಊರಿನ ಸಂಘಕ್ಕೆ ಫೋನ್ ಮಾಡಿ ತನ್ನ ನಂಬರ್ ಕೊಟ್ಟಳು. ಉತ್ತರ ಬಂದದ್ದು ಮಾವ ಊಟಕ್ಕೆ ಕೂತಿದ್ದಾಗ.

"ನಾನು ದರ್ಜಿಯವರ ಮಗಳು," ಎಂದಿತು ಒಂದು ಹೆಣ್ಣು ದನಿ.

"ಯಾರದು?" ಮಾವ ತಲೆಯೆತ್ತಿದರು.

ಸೊಸೆ ಬಾಗಿಲ ಬಳಿ ನಿಂತಿದ್ದ ಅತ್ತೆಯತ್ತ ತಿರುಗಿದಳು. "ನಿಮಗೇ, ಅತ್ತೆ" ಎಂದು ಫೋನನ್ನು ಅವರ ಕೈಗಿಟ್ಟಳು.

"ಅಮ್ಮ ಹೋಗಿಬಿಟ್ರು," ಎನ್ನುತ್ತಿತ್ತು ದನಿ. "ಕೊನೇವರೆಗೂ ತಂಗಿ, ತಂಗಿ ಅಂತಿದ್ರು. ಅಲ್ಲಿ ಅವರ ಕಡೆಯೋರು ಯಾರಾದ್ರೂ ಇದಾರಾ?"

ಅತ್ತೆ ಗಂಡನ ಮುಖ ನೋಡಿದರು.

"ಇಲ್ಲಮ್ಮ. ಇಲ್ಲಿ ಅಂಥೋರು ಯಾರೂ ಇಲ್ಲ."

ಆದರೆ ಫೋನ್ ಕಿವಿಯಿಂದ ಇಳಿಯಲಿಲ್ಲ. ಆ ಕಡೆಯವಳು ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಅತ್ತೆ ಹೂಂ ಎನ್ನದೆ, ಉಹೂಂ ಎನ್ನದೆ ಕೇಳುತ್ತ ನಿಂತರು. ಅವರ ಗದ್ದ ನಡುಗುತ್ತಿತ್ತು.

"ಯಾರೂ ಇಲ್ಲ ಅಂದ ಮೇಲೆ ಇಡೋದಲ್ವಾ?" ಎಂದರು ಮಾವ.

ಸೊಸೆ ಪಾತ್ರೆ ಎತ್ತಿಕೊಂಡು ಬಡಿಸಲು ಹೋದಳು. ಅತ್ತೆಯ ಮುಖ ಮಾವನಿಗೆ ಕಾಣದ ಹಾಗೆ ಇಬ್ಬರ ನಡುವೆ ನಿಂತು, "ಇನ್ನೊಂಚೂರು ಹಾಕ್ಲಾ ಮಾವ?" ಎಂದಳು.