ಗುಡ್ಡಕ್ಕೆ ಬೆನ್ನು ಕೊಟ್ಟ ಪ್ರಿಯೇತಾ

ಕಬ್ಬು ಹುಲ್ಲಿನ ಹಾಗೆ ತನ್ನಷ್ಟಕ್ಕೆ ಹಬ್ಬಿಕೊಳ್ಳುತ್ತಿದ್ದ ಒಂದು ದ್ವೀಪದಲ್ಲಿ, ಯಾವುದೋ ಒಂದು ಸುಗ್ಗಿಯ ಕಾಲದಲ್ಲಿ, ಕಬ್ಬಿಣದ ಮೈಯ ಒಬ್ಬ ಹೆಂಗಸು ಇದ್ದಳಂತೆ. ಬಾವಿಗಟ್ಟಲೆ ನೀರು ಕುಡಿದರೂ ಅವಳ ದಾಹ ಇಂಗುತ್ತಿರಲಿಲ್ಲ. ಹೊಟ್ಟೆಯೊಳಗೆ ಯಾವಾಗಲೂ ಬೆಂಕಿ. ಲೋಕದ ಕಬ್ಬಿಣಕ್ಕೆಲ್ಲ ಒಡೆಯನಾದ ಓಗುನ್ ಅವಳನ್ನು ಹಳಿಯ ಮೇಲೆ ನಿಲ್ಲಿಸಿ, ‘ಎಲ್ಲಿ ಬೇಕಾದರೂ ಹೋಗು, ಏನು ಬೇಕಾದರೂ ಎಳೆ. ಗುಡ್ಡಕ್ಕೆ ಮಾತ್ರ ಬೆನ್ನು ಕೊಡಬೇಡ. ಕೊಟ್ಟೆಯೋ, ನಿನ್ನ ಹೊಟ್ಟೆಯ ಬೆಂಕಿ ನಿನ್ನನ್ನೂ ತಿಂದೀತು, ನಿನಗೆ ಉಣಿಸಿದವನನ್ನೂ ತಿಂದೀತು’ ಅಂದನಂತೆ.

ನೆರೇಯ್ದಾಳ ಅಜ್ಜಿ ಈ ಕತೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳು. ಆಮೇಲೇನಾಯ್ತು ಎಂದು ಮೊಮ್ಮಗಳು ಕೇಳಿದರೆ, ಮಡಿಲಿನಲ್ಲಿದ್ದ ಕರಿ ಬೀನ್ಸ್‌ನಿಂದ ಕಲ್ಲು ಹೆಕ್ಕುತ್ತ ಸುಮ್ಮನಾಗಿಬಿಡುತ್ತಿದ್ದಳು. ಆಮೇಲಿನದನ್ನು ನೆರೇಯ್ದಾ ದೊಡ್ಡವಳಾದ ಮೇಲೆ ಬೇರೆಯವರ ಬಾಯಿಂದ ಕೇಳಿದಳು. ಉಣಿಸಿದವನು ಅವಳ ಅಪ್ಪ ದೊನಾತೊ. ಬ್ರಾವಾ ಗುಡ್ಡದ ಇಳಿಜಾರು ಮುಗಿಯುವಲ್ಲಿ ಬಾಯ್ಲರ್ ಸಿಡಿದಾಗ ಅವಳಿನ್ನೂ ತೊಟ್ಟಿಲ ಕೂಸು.

ಕತೆಯಲ್ಲಿ ಓಗುನ್ ಆಡಿದ ಮಾತು ಸಕ್ಕರೆ ಕಾರ್ಖಾನೆಯ ರೈಲಿನವರಿಗೆಲ್ಲ ಗೊತ್ತಿದ್ದದ್ದೇ. ಇಂಜಿನಿನ ಒಲೆ ಇರುವುದು ಹಿಂದೆ, ಹೊಗೆಕೊಳವೆ ಇರುವುದು ಮುಂದೆ. ಒಲೆಯ ನೆತ್ತಿಯ ತಗಡಿನ ಮೇಲೆ ಸದಾ ನೀರು ನಿಂತಿರಬೇಕು. ಇಂಜಿನು ಗುಡ್ಡಕ್ಕೆ ಮುಖ ಮಾಡಿದ್ದರೆ ನೀರು ಹಿಂದಕ್ಕೆ ಹರಿದು ಆ ತಗಡನ್ನು ಮುಚ್ಚಿಕೊಂಡಿರುತ್ತದೆ. ಬೆನ್ನು ಕೊಟ್ಟರೆ ನೀರೆಲ್ಲ ಮುಂದಕ್ಕೆ ಓಡಿ ನೆತ್ತಿ ಬರಿದಾಗುತ್ತದೆ, ಬರಿದಾದ ತಗಡು ಕೆಂಪಗೆ ಕಾಯುತ್ತದೆ. ಇಳಿಜಾರು ಮುಗಿದು ನೆಲ ಸಮವಾದ ಕೂಡಲೇ ನೀರು ಹಿಂದಕ್ಕೆ ನುಗ್ಗಿ ಆ ಕೆಂಪಿನ ಮೇಲೆ ಬೀಳುತ್ತದೆ. ಆಮೇಲೆ ಹೇಳುವುದಕ್ಕೆ ಯಾರೂ ಉಳಿಯುವುದಿಲ್ಲ. ಅದಕ್ಕೇ ಬ್ರಾವಾ ಗುಡ್ಡವನ್ನು ಮುಖ ಮುಂದೆ ಮಾಡಿ ಹತ್ತಬೇಕು, ಹಿಂದುಹಿಂದಾಗಿ ಇಳಿಯಬೇಕು. ರಾಜಮನೆಯಿಂದ ಹೊರಡುವಾಗ ರಾಜನಿಗೆ ಬೆನ್ನು ತೋರಿಸದ ಹಾಗೆ.

ಈಗ ಅಪ್ಪನ ಜಾಗದಲ್ಲಿ ನಿಂತು ಒಲೆಗೆ ಎಣ್ಣೆ ಉಣಿಸುವವಳು ನೆರೇಯ್ದಾಳೇ. ಇಂಜಿನಿನ ಹೆಸರು ಪ್ರಿಯೇತಾ, ಕಪ್ಪು ಹುಡುಗಿ ಎಂದು ಅರ್ಥ. ಅದನ್ನು ಓಡಿಸುವವನು ಅರ್ಹೇಲಿಯೊ, ಅವಳ ಅಪ್ಪನ ಅಕ್ಕ ಮಿಗ್ದಾಲಿಯಾಳ ಗಂಡ. ಆವತ್ತು ಸುಗ್ಗಿಯ ಕೊನೆಯ ದಿನ, ಅರ್ಹೇಲಿಯೊ ಮಾವನ ನೌಕರಿಗೂ ಕೊನೆಯ ದಿನ. ಗುಡ್ಡದಾಚೆಯ ಹಿಕಾಕೋದಲ್ಲಿ ಉಳಿದಿದ್ದ ಕಬ್ಬನ್ನು ಇಳಿಸಿ ತಂದುಬಿಟ್ಟರೆ ಕಾರ್ಖಾನೆ ಮಳೆಗಾಲ ಕಳೆಯುವ ತನಕ ಮಲಗುತ್ತದೆ. ಕೊನೆಯ ಕಬ್ಬು ಬರುವಾಗ ಇಂಜಿನಿಗೆ ತಾಳೆಗರಿ ಕಟ್ಟುವುದು, ಗುಡ್ಡದ ಬುಡದ ಗೇಟಿನ ಹತ್ತಿರ ಊರೆಲ್ಲ ನೆರೆದು ಡೋಲು ಬಾರಿಸುವುದು, ಹಂದಿ ಸುಡುವುದು, ಎಲ್ಲ ಇದ್ದದ್ದೇ.

ಆ ವರ್ಷ ಊರಿನವರಿಗೆ ಇನ್ನೊಂದು ಆಸೆ ಹುಟ್ಟಿತು.

“ಪ್ರತಿ ವರ್ಷ ನಮಗೆ ಅವಳ ಕುಂಡಿ ತೋರಿಸ್ಕೊಂಡೇ ಬರ್ತೀರಲ್ಲೋ!” ಎಂದ ಬ್ರೇಕಿನ ತೆಲ್ಮೊ. ಕಬ್ಬು ತುಂಬುವ ಡಬ್ಬಿಗಳ ಮೇಲೆ ಓಡಾಡಿ ಕೈಬ್ರೇಕು ತಿರುಗಿಸುವುದು ಅವನ ಕೆಲಸ. ಮೈ ಕಬ್ಬಿನ ಜಲ್ಲೆಯಷ್ಟೇ ತೆಳ್ಳಗೆ, ನಾಲಿಗೆ ಮಾತ್ರ ಅದರ ಎಲೆಯಷ್ಟು ಹರಿತ. “ಮದುಮಗಳು ಹಿಂದುಹಿಂದಾಗಿ ನಡ್ಕೊಂಡು ಬರೋದು ಎಲ್ಲಾದ್ರೂ ಉಂಟಾ? ಇದೊಂದು ಸಲ ಮುಖ ತೋರ್ಸು, ಮುದುಕಾ. ಹೂವಿನ ಹಾರ ಹಾಕೋಣ.”

ಸುತ್ತ ನಿಂತವರು ಹೋ ಎಂದರು. ಅರ್ಹೇಲಿಯೊ ಮೀಸೆಯೊಳಗೇ ನಕ್ಕ. ಆ ನಗು ನೋಡಿದ್ದೇ ನೆರೇಯ್ದಾ ಅವನ ತೋಳು ಹಿಡಿದಳು.

“ಮಾವ, ಬೇಡ.”

“ತೊಟ್ಟಿ ತುಂಬಾ ನೀರಿದೆ ಮಗಳೇ. ಬಾಯ್ಲರ್‌ನ ಕತ್ತಿನ ತನಕ ತುಂಬ್ಕೊಂಡ್ರೆ ನೆತ್ತಿ ಬರಿದಾಗೋದೆಲ್ಲಿ? ಇಷ್ಟು ವರ್ಷ ಹಿಂದೆ ನೋಡ್ಕೊಂಡೇ ಗುಡ್ಡ ಇಳಿದು ನನ್ನ ಕುತ್ತಿಗೆ ಸೊಟ್ಟಗಾಗಿದೆ. ಒಂದೇ ಒಂದು ಸಲ ಊರ ಕಡೆ ಮುಖ ಮಾಡ್ಕೊಂಡು ಬರ್ತೀನಿ.”

“ಅಜ್ಜಿ ಹೇಳ್ತಿದ್ಲು...”

“ನಿಮ್ಮಜ್ಜಿ ಚಂದ್ರನಿಗೂ ಸಕ್ಕರೆ ಕಾಯಿಲೆ ಇದೆ ಅಂತಿದ್ಲು,” ಎಂದ ತೆಲ್ಮೊ. ಎಲ್ಲರೂ ನಕ್ಕರು. ನೆರೇಯ್ದಾ ಒಲೆಯ ಕಡೆ ತಿರುಗಿದಳು. ಹಗಲುಗನಸಿನ ಹುಡುಗಿ ಎಂಬ ಹೆಸರು ಅವಳಿಗೆ ಮೊದಲೇ ಇತ್ತು. ಕಾರ್ಖಾನೆಯ ಅಂಗಳದ ಮೂಲೆಯಲ್ಲಿದ್ದ ಮುಕ್ಕೋನದ ಹಳಿಯ ಮೇಲೆ ಪ್ರಿಯೇತಾಳನ್ನು ತಿರುಗಿಸಿದರು. ಹಣೆಗೆ ತಾಳೆಗರಿ, ಕೊರಳಿಗೆ ಕಾಗದದ ಹೂ. ಅರ್ಹೇಲಿಯೊ ಬಾಯ್ತುಂಬ ರಮ್ ತುಂಬಿಕೊಂಡು ಓಗುನ್‌ನ ಹೆಸರು ನೆನೆದು ಚಕ್ರಗಳ ಮೇಲೆ ಫುರ್ರನೆ ಉಗುಳಿದ.

ಮಿಗ್ದಾಲಿಯಾ ಅತ್ತೆ ಬಂದದ್ದು ಆಗ. ಊಟದ ಡಬ್ಬಿಯನ್ನು ಗಂಡನ ಕೈಗಿಟ್ಟು, ಇಂಜಿನಿನ ಹಣೆಯನ್ನೊಮ್ಮೆ, ಅದು ತಿರುಗಿ ನಿಂತ ದಿಕ್ಕನ್ನೊಮ್ಮೆ ನೋಡಿದಳು. ನೆರೇಯ್ದಾಳ ರಟ್ಟೆ ಹಿಡಿದು ನೀರಿನ ಕಂಬದ ಮರೆಗೆ ಎಳೆದುಕೊಂಡು ಹೋದಳು.

“ನನ್ನ ತಮ್ಮನ್ನ ಇದೇ ಗುಡ್ಡ ನುಂಗ್ತು. ಮನೆಗೆ ತಂದದ್ದು ಒಂದು ಬೂಟು, ಅಷ್ಟೇ. ಈ ಮುದುಕ ನನ್ನ ಮಾತು ಕೇಳಲ್ಲ, ಕೇಳ್ತಿದ್ರೆ ನಾನು ಇವನ್ನ ಮದುವೇನೇ ಆಗ್ತಿರಲಿಲ್ಲ. ನೀನು ಮಾತು ಕೊಡು.”

“ಏನಂತ ಅತ್ತೆ?”

“ಇವನ್ನ ಜೀವಂತ ಕರ್ಕೊಂಡು ಬಂದು ನಿನ್ನ ಕೈಯಾರೆ ನನ್ನ ಕೈಗೆ ಕೊಡ್ಬೇಕು. ಯಾರೋ ಬಂದು ಸುದ್ದಿ ಹೇಳೋದಲ್ಲ. ಕೈಗೆ ಕೈ.”

ಅತ್ತೆಯ ಉಗುರು ರಟ್ಟೆಯೊಳಗೆ ಇಳಿಯುತ್ತಿತ್ತು. “ಕೊಟ್ಟೆ,” ಎಂದಳು ನೆರೇಯ್ದಾ.

ಹೋಗುವಾಗ ಏನೂ ಆಗಲಿಲ್ಲ. ಡಬ್ಬಿಗಳು ಖಾಲಿ, ಬಾಯ್ಲರ್ ತುಂಬಿ ತುಳುಕುತ್ತಿತ್ತು, ಅರ್ಹೇಲಿಯೊ ಹಾಡಿಕೊಂಡ. ಹಿಕಾಕೋದಲ್ಲಿ ಮಾತ್ರ ನೀರಿನ ತೊಟ್ಟಿ ಬಿರುಕುಬಿಟ್ಟು ಒಣಗಿತ್ತು. ಬೇಸಿಗೆಯ ಹಳ್ಳದಲ್ಲಿ ಉಳಿದಿದ್ದ ಬಗ್ಗಡವನ್ನೇ ಬಕೆಟ್ಟುಗಳಲ್ಲಿ ಮೊಗೆದು ಇಂಜಿನಿನ ನೀರಬಂಡಿಗೆ ಸುರಿದರು. ಕಬ್ಬು ತುಂಬುವವರು ತಡಮಾಡಿದರು. ಪ್ರಿಯೇತಾ ಬಿಸಿಲಲ್ಲಿ ನಿಂತು ಉಸಿರುಬಿಡುತ್ತ ಇದ್ದ ನೀರನ್ನೆಲ್ಲ ಆವಿ ಮಾಡುತ್ತಿದ್ದಳು. ಹೊರಡುವಾಗ, ಬಾಯ್ಲರ್‌ನ ನೀರು ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಅರ್ಧಕ್ಕಿತ್ತು. ದಾರಿಯಲ್ಲಿ ನೀರಬಂಡಿಯಿಂದ ಬಾಯ್ಲರ್‌ಗೆ ಪಂಪು ಹಾಕಿದರಾಯಿತು ಎಂದುಕೊಂಡರು.

ಗುಡ್ಡದ ನೆತ್ತಿ ದಾಟಿ ಪ್ರಿಯೇತಾ ಮೂಗು ಕೆಳಗೆ ಮಾಡಿದಳು. ಅರ್ಧದಲ್ಲಿದ್ದ ನೀರು, ಯಾರೋ ಕೆಳಗಿನಿಂದ ಹೀರಿಕೊಂಡ ಹಾಗೆ, ಗಾಜಿನೊಳಗೆ ಸರಸರ ಇಳಿದು ಕಾಣದಾಯಿತು.

ನೆರೇಯ್ದಾ ಪಂಪಿನ ಹಿಡಿ ತಿರುಗಿಸಿದಳು. ಅದು ಒಮ್ಮೆ ಕೆಮ್ಮಿತು, ಗೊಳಗೊಳ ಎಂದಿತು, ಕಂದು ಕೆಸರು ಕಕ್ಕಿ ಸುಮ್ಮನಾಯಿತು. ಇನ್ನೊಂದು ಪಂಪು ಕೆಮ್ಮಲೂ ಇಲ್ಲ. ಗಾಜಿನ ಕೆಳಗೆ ಪರೀಕ್ಷೆಗೆಂದು ಇಟ್ಟ ಚಿಕ್ಕ ನಲ್ಲಿ ತೆರೆದಳು. ನೀರು ಬರಬೇಕಾದಲ್ಲಿ ಬರೀ ಹಬೆ ಸುಯ್ಯೆಂದು ಬಂತು.

“ಮಾವ. ನೆತ್ತಿ ಬರಿದಾಗಿದೆ.”

ಅರ್ಹೇಲಿಯೊ ತಿರುಗಿ ನೋಡಿದ. ಬ್ರೇಕಿನ ಹಿಡಿಯನ್ನು ಎದೆಗೊತ್ತಿಕೊಂಡು ಎಳೆದ. ಚಕ್ರಗಳು ಕಿರುಚಿದವು. ಹಿಂದಿನಿಂದ ಹಸಿ ಕಬ್ಬಿನ ಭಾರವೆಲ್ಲ ಬಂದು ಒತ್ತುತ್ತಿತ್ತು. ರೈಲು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಕೆಳಗೆ, ಬಹಳ ಕೆಳಗೆ, ಡೋಲಿನ ಸದ್ದು. ಗೇಟಿನ ಹತ್ತಿರ ಬಣ್ಣಬಣ್ಣದ ಚುಕ್ಕೆಗಳಂತೆ ಜನ, ಹಳಿಯ ಮೇಲೂ ಜನ. ನೆಲ ಸಮವಾಗುವುದು ಅಲ್ಲೇ. ನೀರು ಹಿಂದಕ್ಕೆ ನುಗ್ಗುವುದೂ ಅಲ್ಲೇ.

ಅಪ್ಪನೂ ಹೀಗೇ ಈ ಖಾಲಿ ಗಾಜನ್ನು ನೋಡಿದ್ದನೇ? ಅವಳಿಗೆ ಅಪ್ಪನ ಮುಖ ನೆನಪಿಲ್ಲ. ಖಾಲಿ ಗಾಜಿನಲ್ಲಿ ತನ್ನದೇ ಮುಖ ಉದ್ದಕ್ಕೆ ಎಳೆದು ಕಾಣಿಸಿತು. ಒಲೆಯೊಳಗಿಂದ ಟಿಣ್ ಟಿಣ್ ಎಂದು ಸಣ್ಣ ಸದ್ದು ಬರುತ್ತಿತ್ತು. ಕಬ್ಬಿಣ ಹಲ್ಲು ಕಡಿಯುವ ಸದ್ದು. ಕೈ ಎಣ್ಣೆಯ ನಲ್ಲಿಯ ಮೇಲಿತ್ತು.

“ಬೆಂಕಿ ಆರಿಸ್ತೀನಿ.”

“ಹುಚ್ಚಾ ನಿಂಗೆ! ಬ್ರೇಕು ನಡೆಯೋದೇ ಹಬೆಯಿಂದ. ಬೆಂಕಿ ಹೋದ್ರೆ ಹಬೆ ಹೋಗುತ್ತೆ, ಹಬೆ ಹೋದ್ರೆ ಇಷ್ಟೂ ಕಬ್ಬು ಜನರ ಮೇಲೆ ಹೋಗುತ್ತೆ!”

“ಬೆಂಕಿ ಉಳಿದ್ರೆ ಇಂಜಿನೇ ಸಿಡಿದು ಜನರ ಮೇಲೆ ಹೋಗುತ್ತೆ.”

“ನಾನು ಡ್ರೈವರ್, ನಾನು ಹೇಳ್ತಿದೀನಿ—”

“ಒಲೆ ನಂದು, ಮಾವ.” ನಲ್ಲಿಯನ್ನು ಕೊನೆಯ ತನಕ ತಿರುಗಿಸಿದಳು. ಒಲೆಯ ಗರ್ಜನೆ ನಿಂತಿತು. ಆ ಮೌನದಲ್ಲಿ ಕೆಳಗಿನ ಡೋಲು ಇನ್ನೂ ಸ್ಪಷ್ಟವಾಗಿ ಕೇಳಿಸಿತು, ಹತ್ತಿರದಲ್ಲೇ ಇದ್ದ ಹಾಗೆ.

ಹಬೆಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು. ಹಿಂದಿನ ಡಬ್ಬಿಗಳ ಮೇಲೆ ತೆಲ್ಮೊ ಒಂದೊಂದೇ ಬ್ರೇಕಿನ ಚಕ್ರ ತಿರುಗಿಸುತ್ತ ಮುಂದೆ ಬರುತ್ತಿದ್ದ. “ಇನ್ನೊಬ್ಬರು ಬೇಕು! ಯಾರಾದ್ರೂ ಬನ್ರೋ!” ಎಂದು ಕೂಗಿದ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

ಯಾರಾದರೂ ಎಂದರೆ ಅವಳೊಬ್ಬಳೇ. ಹೋದರೆ ಮಾವ ಈ ಕಾದ ಕಬ್ಬಿಣದ ಜೊತೆ ಒಬ್ಬನೇ. ಅತ್ತೆಯ ಉಗುರಿನ ಗುರುತು ರಟ್ಟೆಯ ಮೇಲೆ ಇನ್ನೂ ಉರಿಯುತ್ತಿತ್ತು. ಪಕ್ಕದಲ್ಲೇ ನಿಂತರೆ ಇಬ್ಬರೂ ಜೊತೆಯಲ್ಲೇ ಹೋಗುತ್ತಾರೆ, ಮಾತು ಉಳಿಯುವುದಿಲ್ಲ.

“ಮಾವ, ಆ ಹಿಡಿ ಬಿಡ್ಬೇಡ. ನಾನು ಬರ್ತೀನಿ. ಬಂದೇ ಬರ್ತೀನಿ.”

“ಬರ್ಬೇಡ್ವೇ. ಹಿಂದಿನ ಡಬ್ಬೀಲೇ ಇದ್ಬಿಡು,” ಎಂದ ಅರ್ಹೇಲಿಯೊ.

ನೀರಬಂಡಿಯ ಮೇಲೆ ತೆವಳಿ ಮೊದಲ ಡಬ್ಬಿಗೆ ಹಾರಿದಳು. ಕಬ್ಬಿನ ಅಲಗು ಅಂಗೈ ಸೀಳಿತು. ಬ್ರೇಕಿನ ಚಕ್ರ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಒಂದು ಜಲ್ಲೆ ಸಿಕ್ಕಿಸಿ ಮೀಟಿದಳು, ಜಲ್ಲೆ ಲಟಕ್ಕನೆ ಮುರಿಯಿತು. ಮೈಯೆಲ್ಲ ಹಾಕಿ ಜೋತುಬಿದ್ದಾಗ ಚಕ್ರ ಗೊರಗೊರ ಎಂದು ತಿರುಗಿತು. ಅಲ್ಲಿಂದ ಇನ್ನೊಂದಕ್ಕೆ. ಅಲ್ಲಿಂದ ಮತ್ತೊಂದಕ್ಕೆ. ಪ್ರತಿ ಸಲ ತಲೆಯೆತ್ತಿದಾಗಲೂ ಗೇಟು ಹತ್ತಿರ ಬಂದಿರುತ್ತಿತ್ತು. ಈಗ ಚುಕ್ಕೆಗಳಿಗೆ ಕೈಕಾಲು ಬಂದಿದ್ದವು. ಟೋಪಿ ಬೀಸುವವರು ಕಾಣಿಸುತ್ತಿದ್ದರು.

ಆಚೆ ಕಡೆಯಿಂದ ಬಂದ ತೆಲ್ಮೊ ಎದುರಾದ. ಇಬ್ಬರೂ ಸೇರಿ ಕೊನೆಯ ಚಕ್ರಕ್ಕೆ ಜೋತುಬಿದ್ದರು. ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ ಸುಟ್ಟ ವಾಸನೆ ಎದ್ದಿತು. ರೈಲು ಮುಗ್ಗರಿಸಿತು, ಜಾರಿತು, ಮತ್ತೆ ಮುಗ್ಗರಿಸಿತು.

ನಿಂತಿತು.

ಗೇಟಿನಿಂದ ಕೂಗಳತೆ ಮೇಲೆ, ಇನ್ನೂ ಇಳಿಜಾರಿನಲ್ಲೇ.

ನೀರು ಮುಂದೆಯೇ ಇದೆ. ತಗಡು ಇನ್ನೂ ಕಾದೇ ಇದೆ. ಅದು ತಣಿಯುವ ತನಕ ಇಂಜಿನು ಒಂದಿಷ್ಟೂ ಮುಂದೆ ಹೋಗಕೂಡದು.

ಆದರೆ ಕೆಳಗಿನವರಿಗೆ ಏನು ಗೊತ್ತು? ರೈಲು ನಿಂತದ್ದು ಕಂಡು, ತಮ್ಮನ್ನು ಹತ್ತಿಸಿಕೊಳ್ಳಲಿಕ್ಕೇ ನಿಂತಿತೆಂದು ತಿಳಿದು, ಡೋಲು ಬಾರಿಸುತ್ತ ಕುಣಿಯುತ್ತ ಹಳಿಗುಂಟ ಮೇಲೆ ಬರತೊಡಗಿದರು. ಎಲ್ಲರಿಗಿಂತ ಮುಂದೆ ಒಂದು ಹಳದಿ ಸ್ಕರ್ಟು. ಮಿಗ್ದಾಲಿಯಾ ಅತ್ತೆ. ಅವಳು ಮಾತ್ರ ಕುಣಿಯುತ್ತಿರಲಿಲ್ಲ.

“ತೆಲ್ಮೊ, ಓಡು! ಅವರನ್ನ ತಡಿ! ಹತ್ರ ಬಿಡ್ಬೇಡ!”

ತೆಲ್ಮೊ ಉದ್ದ ಕಾಲು ಎತ್ತೆತ್ತಿ ಹಾಕುತ್ತ ಓಡಿದ. ಅಂಗಿ ಬಿಚ್ಚಿ ಬೀಸುತ್ತ, “ಹಿಂದಕ್ಕೆ ಹೋಗ್ರೋ! ನಿಮ್ಮಮ್ಮಂದಿರ ಆಣೆ, ಹಿಂದಕ್ಕೆ! ಇವಳು ಸಿಡೀತಾಳೆ!” ಎಂದು ಬಡಕೊಂಡ. ಡೋಲು ಒಮ್ಮೆಗೇ ನಿಂತಿತು.

ನೆರೇಯ್ದಾ ಹಳಿಯ ಬದಿಯ ಕಲ್ಲುಗಳನ್ನು ಹೊತ್ತು ತಂದು ಇಂಜಿನಿನ ಚಕ್ರಗಳ ಮುಂದೆ ತುರುಕಿದಳು. ತಲೆಯ ಮೇಲೆ ಟಿಣ್ ಟಿಣ್ ನಡೆದೇ ಇತ್ತು. ಬಗ್ಗಿದಾಗಲೆಲ್ಲ ಕತ್ತಿನ ಹಿಂದೆ ಆ ಶಾಖ, ಯಾರೋ ಬಾಯಿ ತೆರೆದು ನಿಂತ ಹಾಗೆ. ಓಡಿಹೋಗು, ಓಡಿಹೋಗು ಎಂದು ಕಾಲು ಬೇಡಿಕೊಳ್ಳುತ್ತಿತ್ತು. ಕೈ ಇನ್ನೊಂದು ಕಲ್ಲು ಎತ್ತುತ್ತಿತ್ತು.

ಮೆಟ್ಟಿಲು ಹತ್ತಿದಳು. ಅರ್ಹೇಲಿಯೊ ಬ್ರೇಕಿನ ಹಿಡಿಯನ್ನು ತಬ್ಬಿಕೊಂಡೇ ನಿಂತಿದ್ದ. ಬೆರಳು ಬಿಳಿಚಿದ್ದವು. ಹಬೆಯ ಮುಳ್ಳು ತಳ ಕಾಣುತ್ತಿತ್ತು.

“ಬಿಡು ಮಾವ. ಕಲ್ಲು ಕೊಟ್ಟಿದೀನಿ.”

“ಬಿಟ್ರೆ ಹೊರಡ್ತಾಳೆ.”

“ಅದರೊಳಗೆ ಹಬೇನೇ ಇಲ್ಲ. ನೀನು ಹಿಡ್ಕೊಂಡಿರೋದು ಬರೀ ಕಬ್ಬಿಣ.”

“ನೆತ್ತಿ ಕಾದಿದೆ ಕಣೇ. ನಾನೇ ತಿರುಗಿಸ್ದೆ ಇವಳನ್ನ. ದೊನಾತೊ ಹೋದ ಮೇಲೂ ನಾನೇ... ನೀನು ಇಳಿ. ನಾನು ಇಲ್ಲೇ ಇರ್ತೀನಿ.”

ನೆರೇಯ್ದಾ ಅವನ ಹೆಬ್ಬೆರಳನ್ನು ಹಿಡಿಯಿಂದ ಬಿಡಿಸಿದಳು. ಆಮೇಲೆ ತೋರುಬೆರಳು. ಆಮೇಲೆ ಉಳಿದವು, ಕೂಸಿನ ಮುಷ್ಟಿ ಬಿಡಿಸಿದ ಹಾಗೆ. ಕೊನೆಯ ಬೆರಳು ಬಿಟ್ಟಾಗ ಪ್ರಿಯೇತಾ ಕಿರ್ರೆಂದಳು. ಡಬ್ಬಿಗಳ ಕಬ್ಬೆಲ್ಲ ನರಳಿತು. ಚಕ್ರ ಕಲ್ಲನ್ನು ಒತ್ತಿ ಪುಡಿಗುಟ್ಟಿಸುತ್ತ ಒಂದು ಗೇಣು ಸರಿಯಿತು. ನೆರೇಯ್ದಾ ಕಣ್ಣು ಮುಚ್ಚಿದಳು. ರೆಪ್ಪೆಯ ಒಳಗೂ ಕೆಂಪೇ ಕಂಡಿತು.

ಎರಡನೆಯ ಕಲ್ಲು ತಡೆಯಿತು.

“ಈಗ ನಡಿ,” ಎಂದಳು, ಪಿಸುದನಿಯಲ್ಲಿ, ಇಂಜಿನಿಗೆ ಕೇಳಿಸಬಾರದು ಎನ್ನುವ ಹಾಗೆ.

ಮೆಟ್ಟಿಲಿಳಿದರು. ಅರ್ಹೇಲಿಯೊನ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು, ರಕ್ತ ಜಿನುಗುವ ಅಂಗೈಯಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡು, ಹಳಿ ಬಿಟ್ಟು ಕಬ್ಬಿನ ಕೂಳೆಯ ನಡುವೆ ಅವಳು ನಡೆದಳು. ಓಡಬೇಕೆನಿಸುತ್ತಿತ್ತು, ಮಾವನಿಗೆ ಓಡಲು ಆಗುತ್ತಿರಲಿಲ್ಲ. ಬೆನ್ನ ಹಿಂದೆ ಟಿಣ್ ಎಂದಾಗಲೆಲ್ಲ ಇಬ್ಬರ ಹೆಗಲೂ ಒಟ್ಟಿಗೇ ಮೇಲೇರುತ್ತಿದ್ದವು. ಹಿಂತಿರುಗಿ ಮಾತ್ರ ನೋಡಲಿಲ್ಲ.

ಮಾವಿನ ಮರದ ಹತ್ತಿರ ತೆಲ್ಮೊ ಎರಡೂ ಕೈ ಚಾಚಿ ಊರನ್ನೆಲ್ಲ ತಡೆದು ನಿಂತಿದ್ದ. ಅವನ ತೋಳಿನಡಿಯಿಂದ ಹಳದಿ ಸ್ಕರ್ಟು ನುಸುಳಿ ಬಂತು. ಮಿಗ್ದಾಲಿಯಾ ಓಡಲಿಲ್ಲ, ಅಳಲಿಲ್ಲ. ಎದುರಿಗೆ ಬಂದು ನಿಂತು ಎರಡೂ ಅಂಗೈ ಮುಂದೆ ಚಾಚಿದಳು.

“ತಗೋ ಅತ್ತೆ,” ಎಂದು ನೆರೇಯ್ದಾ ಅರ್ಹೇಲಿಯೊನ ಕೈಯನ್ನು ಆ ಅಂಗೈಯ ಮೇಲಿಟ್ಟಳು. ಅತ್ತೆಯ ಬೆರಳು ಅದರ ಸುತ್ತ ಮುಚ್ಚಿಕೊಂಡ ಮೇಲೆ ತನ್ನ ಕೈ ತೆಗೆದಳು.